ನಡುಗದ ಎಂಜಿನ್: ಬಿಎಂಡಬ್ಲ್ಯುವಿನ ಆರು ಪಿಸ್ಟನ್‌ಗಳ ಲೆಕ್ಕ

ಬಿಎಂಡಬ್ಲ್ಯು ಕಾರಿನ ಮುಂಭಾಗದ ನೀಲಿ-ಬಿಳಿ ಬಿಲ್ಲೆಯು ಆಕಾಶದಲ್ಲಿ ಗಿರಗಿರನೆ ತಿರುಗುವ ವಿಮಾನದ ಪ್ರೊಪೆಲ್ಲರಿನ ಚಿತ್ರ ಎಂಬ ಕಥೆಯನ್ನು ಕಾರುಗಳ ಬಗ್ಗೆ ಆಸಕ್ತಿಯುಳ್ಳವರೆಲ್ಲ ಒಮ್ಮೆಯಾದರೂ ಕೇಳಿರುತ್ತಾರೆ. ಕಥೆ ಚೆನ್ನಾಗಿದೆ, ಆದರೆ ನಿಜವಲ್ಲ. ಆ ಮುದ್ರೆ ನೋಂದಣಿಯಾದದ್ದು 1917ರ ಅಕ್ಟೋಬರ್ 5ರಂದು. ಅದರಲ್ಲಿರುವುದು ಕಂಪನಿಯ ತವರಾದ ಜರ್ಮನಿಯ ಬವೇರಿಯಾ ರಾಜ್ಯದ ಬಣ್ಣಗಳು. ರಾಜ್ಯದ ಲಾಂಛನವನ್ನು ವ್ಯಾಪಾರದ ಮುದ್ರೆಯಾಗಿ ಬಳಸುವುದಕ್ಕೆ ಅಂದಿನ ಕಾನೂನಿನಲ್ಲಿ ಅವಕಾಶವಿರಲಿಲ್ಲವಾದ್ದರಿಂದ ಬಣ್ಣಗಳ ಕ್ರಮವನ್ನು ಹಿಂದುಮುಂದು ಮಾಡಲಾಯಿತು. ಸುತ್ತಲಿನ ಕಪ್ಪು ಉಂಗುರವು ಅದಕ್ಕೂ ಮೊದಲಿದ್ದ ರಾಪ್ ಮೋಟಾರ್ ಕಂಪನಿಯ ಮುದ್ರೆಯಿಂದ ಬಂದದ್ದು. ಹನ್ನೆರಡು ವರ್ಷಗಳ ನಂತರ, 1929ರಲ್ಲಿ, ವಿಮಾನದ ಎಂಜಿನ್ನಿನ ಒಂದು ಜಾಹೀರಾತಿನಲ್ಲಿ ತಿರುಗುವ ಪ್ರೊಪೆಲ್ಲರಿನೊಳಗೆ ಈ ಬಿಲ್ಲೆಯನ್ನು ಕೂರಿಸಿ ಚಿತ್ರ ಬರೆದರು. 1942ರಲ್ಲಿ ಕಂಪನಿಯ ಪತ್ರಿಕೆಯೇ ಆ ವಿವರಣೆಯನ್ನು ಮತ್ತೆ ಅಚ್ಚು ಹಾಕಿತು. ಅಲ್ಲಿಂದ ಮುಂದೆ ಚಿತ್ರವು ಇತಿಹಾಸವಾಗಿ ಬೆಳೆಯಿತು.

ಬಿಲ್ಲೆಯ ಬಗೆಗಿನ ಇಷ್ಟು ಸಣ್ಣ ತಪ್ಪಿಗೆ ನಾನು ಬೇಸರಪಡುವುದಕ್ಕೆ ಕಾರಣವಿದೆ. ಬಿಎಂಡಬ್ಲ್ಯುವಿಗೆ ವಿಮಾನದಿಂದ ಬಂದ ನಿಜವಾದ ಆಸ್ತಿ ಒಂದಿದೆ. ಅದು ಬಾನೆಟ್ಟಿನ ಮೇಲಲ್ಲ, ಅದರ ಕೆಳಗಿದೆ. ಇಂಧನ ಉರಿಯುವ ಆರು ಕೊಳವೆಗಳನ್ನು, ಅಂದರೆ ಸಿಲಿಂಡರ್‌ಗಳನ್ನು, ಒಂದೇ ಸಾಲಿನಲ್ಲಿ ನಿಲ್ಲಿಸಿದ ಎಂಜಿನ್ ಅದು. ಈ ಕಂಪನಿಯ ಕಾರುಗಳು ನಯವಾಗಿ ಓಡುತ್ತವೆ ಎಂಬ ಹೆಸರು ಬಂದದ್ದರಲ್ಲಿ ದೊಡ್ಡ ಪಾಲು ಆ ಸಾಲಿನದು. ಆದರೆ ನಮ್ಮಲ್ಲಿ ಅದನ್ನು "ಜರ್ಮನ್ನರ ರಕ್ತದಲ್ಲೇ ಇದೆ" ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಹೈಸ್ಕೂಲಿನ ತ್ರಿಕೋನಮಿತಿಯಿಂದ ಅರ್ಥವಾಗುವ ಸಂಗತಿಯನ್ನು ರಕ್ತಕ್ಕೆ ಅಂಟಿಸುವುದು ಮೂಢನಂಬಿಕೆಯ ಇನ್ನೊಂದು ರೂಪವೆಂದೇ ನಾನು ಭಾವಿಸುತ್ತೇನೆ.

ಮೊದಲು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ನಾಲ್ಕು ಸಿಲಿಂಡರಿನ ಕಾರೊಂದು ಮತ್ತು ಹಳೆಯ ಆರು ಸಿಲಿಂಡರಿನ ಬಿಎಂಡಬ್ಲ್ಯು ಒಂದು ಅಕ್ಕಪಕ್ಕ ನಿಂತಿದ್ದವು. ಎರಡರ ಬಾನೆಟ್ಟನ್ನೂ ತೆರೆದು, ರೇಡಿಯೇಟರಿನ ಮೇಲಿನ ಚಪ್ಪಟೆ ತಗಡಿನ ಮೇಲೆ ಒಂದೊಂದು ಸ್ಟೀಲ್ ಲೋಟದಲ್ಲಿ ನೀರಿಟ್ಟೆವು. ಮೆಕ್ಯಾನಿಕ್ ನಿಧಾನವಾಗಿ ಆಕ್ಸಿಲರೇಟರ್ ಒತ್ತುತ್ತ ಹೋದಂತೆ, ನಿಮಿಷಕ್ಕೆ ಎಷ್ಟು ಸುತ್ತು ಎಂದು ತೋರಿಸುವ ಮುಳ್ಳು ಮೂರು ಸಾವಿರದ ಹತ್ತಿರ ಬಂದಾಗ ಮೊದಲ ಕಾರಿನ ಲೋಟದಲ್ಲಿ ಕೂದಲೆಳೆಯಷ್ಟು ಸಣ್ಣ ಉಂಗುರಗಳು ಅಂಚಿನಿಂದ ನಡುವಿಗೆ ಒತ್ತೊತ್ತಾಗಿ ತುಂಬಿಕೊಂಡವು. ಎರಡನೆಯದರಲ್ಲಿ ಮೇಲಿನ ಟ್ಯೂಬ್‌ಲೈಟಿನ ಪ್ರತಿಬಿಂಬ ಮುರಿಯದೆ ನಿಂತಿತ್ತು. "ಇದಕ್ಕೆ ಮೌಂಟಿಂಗ್ ರಬ್ಬರ್ ಹೊಸದು ಹಾಕಿಲ್ಲ ಸಾರ್, ಹಳೇದೇ ಇದೆ" ಎಂದು ಎಂಜಿನ್ನಿನ ನಡುಕ ಹೀರುವ ರಬ್ಬರಿನ ಬಗ್ಗೆ ಆತ ತಾನಾಗಿಯೇ ಹೇಳಿದ. ಹಾಗಿದ್ದರೆ ನಡುಕ ಹೋದದ್ದೆಲ್ಲಿಗೆ? ಅದು ಎಲ್ಲಿಗೂ ಹೋಗಿರಲಿಲ್ಲ, ಒಟ್ಟು ಬಲವಾಗಿ ಹುಟ್ಟಿಯೇ ಇರಲಿಲ್ಲ.

ಸಿಲಿಂಡರಿನೊಳಗೆ ಏರಿಳಿಯುವ ಲೋಹದ ತುಂಡಾದ ಪಿಸ್ಟನ್ ಒಂದು ಮೇಲೆ ಕೆಳಗೆ ಒಟ್ಟು 90 ಮಿಲಿಮೀಟರ್ ಓಡಾಡುತ್ತದೆ, ಅದನ್ನು ಕ್ರ್ಯಾಂಕಿಗೆ, ಅಂದರೆ ಆ ಏರಿಳಿತವನ್ನು ತಿರುಗುವಿಕೆಯಾಗಿ ಬದಲಿಸುವ ದಂಡಕ್ಕೆ, ಜೋಡಿಸುವ ಕನೆಕ್ಟಿಂಗ್ ರಾಡ್ 150 ಮಿಲಿಮೀಟರ್ ಉದ್ದವಿದೆ ಎಂದಿಟ್ಟುಕೊಳ್ಳೋಣ. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಪಿಸ್ಟನ್ ಸೆಕೆಂಡಿಗೆ ನೂರು ಸಲ ಮೇಲೇರಿ, ನೂರು ಸಲ ಕೆಳಗಿಳಿದು, ಇನ್ನೂರು ಸಲ ನಿಲ್ಲಬೇಕು. ಮೇಲಿನ ತುದಿಯಲ್ಲಿ ದಿಕ್ಕು ಬದಲಿಸುವ ಕ್ಷಣದಲ್ಲಿ 400 ಗ್ರಾಂ ತೂಕದ ಪಿಸ್ಟನ್ನಿನ ಜಡತ್ವವು ಎಂಜಿನ್ನನ್ನು ಸುಮಾರು 940 ಕೆಜಿ ಭಾರಕ್ಕೆ ಸಮನಾದ ಬಲದಿಂದ ಮೇಲಕ್ಕೆ ಎಳೆಯುತ್ತದೆ. ಒಂಟಿ ಸಿಲಿಂಡರಿನ ಡೀಸೆಲ್ ಪಂಪ್‌ಸೆಟ್ ಬೋಲ್ಟ್ ಸಡಿಲವಾದರೆ ಕಾಂಕ್ರೀಟ್ ಕಟ್ಟೆಯ ಮೇಲೆ ಕುಣಿಯುವುದು ಇಂಥ ಎಳೆತದಿಂದಲೇ. ಬಿಎಂಡಬ್ಲ್ಯುವಿಗಾಗಿ ನಮ್ಮ ಗಡಿಯಾಚೆಯ ಹೊಸೂರಿನಲ್ಲಿ ಟಿವಿಎಸ್ ತಯಾರಿಸಿದ ಜಿ 310 ಬೈಕಿನ 313 ಸಿಸಿ ಎಂಜಿನ್ನಿನಲ್ಲಿಯೂ ಇರುವುದು ಒಂದೇ ಸಿಲಿಂಡರ್. ಅದಕ್ಕೆ ಬ್ಯಾಲೆನ್ಸರ್ ಶಾಫ್ಟ್ ಎಂಬ ಪ್ರತಿಭಾರದ ದಂಡವನ್ನು ಸೇರಿಸಿರುವುದೂ ಈ ಕಾರಣಕ್ಕೆ.

ಇಬ್ಬರು ಹೆಂಗಸರು ಒಂದೇ ಒರಳಿನಲ್ಲಿ ಭತ್ತ ಕುಟ್ಟುವುದನ್ನು ನೆನಪಿಸಿಕೊಳ್ಳಿ: ಒಬ್ಬಳ ಒನಕೆ ಏರುವಾಗ ಇನ್ನೊಬ್ಬಳದು ಇಳಿಯುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಎರಡು ಪಿಸ್ಟನ್ ಮೇಲಿದ್ದಾಗ ಎರಡು ಕೆಳಗಿರುವುದೂ ಹೀಗೆಯೇ. ಮೇಲಿನ ಎಳೆತವನ್ನು ಕೆಳಗಿನ ಎಳೆತ ಸರಿದೂಗಿಸಿಬಿಡಬೇಕಲ್ಲವೇ? ಬಹಳ ಜನ, ಕೆಲವು ಪಠ್ಯಪುಸ್ತಕಗಳೂ ಸಹ, ವಿವರಣೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ಮಟ್ಟಿಗೆ ನಿಜವಾದ ಸೊಗಸು ಶುರುವಾಗುವುದು ಇಲ್ಲಿಂದ ಮುಂದೆ.

ಗೋಡೆಗೆ ನೆಟ್ಟಗೆ ಒರಗಿಸಿದ ಏಣಿಯ ಬುಡವನ್ನು ಹೊರಕ್ಕೆ ಎಳೆದರೆ ಅದರ ತಲೆ ಕೆಳಕ್ಕೆ ಜಾರುತ್ತದೆ. ಕನೆಕ್ಟಿಂಗ್ ರಾಡ್ ಅಂಥದೊಂದು ಏಣಿ. ಕ್ರ್ಯಾಂಕ್ ಕಾಲು ಸುತ್ತು ತಿರುಗಿದಾಗ ರಾಡಿನ ಬುಡವು 45 ಮಿಲಿಮೀಟರ್ ಪಕ್ಕಕ್ಕೆ ಸರಿದು, 150 ಇದ್ದ ಅದರ ಎತ್ತರ 143ಕ್ಕೆ ಇಳಿಯುತ್ತದೆ. ಹೀಗಾಗಿ ಪಿಸ್ಟನ್ ಮೊದಲ ಕಾಲು ಸುತ್ತಿನಲ್ಲಿ 45ರ ಬದಲು ಸುಮಾರು 52 ಮಿಲಿಮೀಟರ್ ಇಳಿದು, ಎರಡನೆಯ ಕಾಲು ಸುತ್ತಿಗೆ 38 ಮಾತ್ರ ಉಳಿಸುತ್ತದೆ. ಮೇಲಿನ ತುದಿಯಲ್ಲಿ ಅವಸರ, ಕೆಳಗಿನ ತುದಿಯಲ್ಲಿ ನಿಧಾನ. ಮೇಲೆ 940 ಕೆಜಿ ಎಳೆಯುವ ಪಿಸ್ಟನ್ ಕೆಳಗೆ ಎಳೆಯುವುದು 510 ಕೆಜಿ ಮಾತ್ರ. ಒನಕೆಗಳ ಲೆಕ್ಕ ತಪ್ಪುವುದು ಇಲ್ಲಿ. ಎರಡು ಪಿಸ್ಟನ್ ಮೇಲೆ, ಎರಡು ಕೆಳಗೆ ಇದ್ದಾಗ ಸುಮಾರು 860 ಕೆಜಿಯಷ್ಟು ಬಲ ಮೇಲ್ಮುಖವಾಗಿ ಉಳಿದುಬಿಡುತ್ತದೆ. ಕಾಲು ಸುತ್ತಿನ ನಂತರ ಅಷ್ಟೇ ಬಲ ಕೆಳಮುಖವಾಗುತ್ತದೆ. ಹೀಗೆ ಒಂದು ಸುತ್ತಿಗೆ ಎರಡು ಸಲ ಇಡೀ ಎಂಜಿನ್ ಕುಲುಕುತ್ತದೆ. ಎಂಜಿನಿಯರುಗಳು ಇದನ್ನು ಸೆಕೆಂಡರಿ ಬಲ ಎನ್ನುತ್ತಾರೆ. ಲೋಟದ ನೀರಿನಲ್ಲಿ ನಾನು ಕಂಡ ಉಂಗುರಗಳನ್ನು ಬರೆದದ್ದು ಇದೇ.

ಇನ್ನು ಆರಕ್ಕೆ ಬರೋಣ. ಹೊಲದ ಪಂಪ್‌ಸೆಟ್ಟಿಗೆ ಬರುವ ತ್ರೀ ಫೇಸ್ ಕರೆಂಟಿನಲ್ಲಿ ಮೂರು ತಂತಿಗಳ ಪ್ರವಾಹಗಳು ಒಂದಕ್ಕೊಂದು 120 ಡಿಗ್ರಿ ಅಂತರದಲ್ಲಿ ಏರಿಳಿಯುತ್ತವೆ. ಹೊರೆ ಸಮವಾಗಿದ್ದರೆ ಯಾವ ಕ್ಷಣದಲ್ಲಿ ಕೂಡಿದರೂ ಮೂರರ ಮೊತ್ತ ಸೊನ್ನೆ. ಮೂರು ಪಿಸ್ಟನ್‌ಗಳನ್ನು ಕ್ರ್ಯಾಂಕಿನ ಮೇಲೆ 120 ಡಿಗ್ರಿ ಅಂತರದಲ್ಲಿ ಕೂರಿಸಿದರೆ ಅವುಗಳ ಎಳೆತಗಳ ಮೊತ್ತವೂ ಅದೇ ಸೂತ್ರದಿಂದ ಸೊನ್ನೆಯಾಗುತ್ತದೆ. ಸುತ್ತಿಗೆರಡು ಸಲ ಬರುವ ಸೆಕೆಂಡರಿ ಬಲದ ಲೆಕ್ಕದಲ್ಲಿ ಕೋನಗಳೆಲ್ಲ ಇಮ್ಮಡಿಯಾಗುತ್ತವೆ: 0, 120, 240 ಎಂಬವು 0, 240, 480 ಆಗುತ್ತವೆ. 480 ಎಂದರೆ ಒಂದು ಪೂರ್ಣ ಸುತ್ತು ಕಳೆದು ಮತ್ತೆ 120. ಅಂದರೆ ಇಮ್ಮಡಿಸಿದ ಮೇಲೂ ಅವೇ ಮೂರು ದಿಕ್ಕುಗಳು, ಅದೇ ಸೊನ್ನೆ. ನಾಲ್ಕು ಸಿಲಿಂಡರಿಗೆ ಈ ಭಾಗ್ಯವಿಲ್ಲ. ಅಲ್ಲಿ 0 ಮತ್ತು 180 ಇಮ್ಮಡಿಯಾದರೆ 0 ಮತ್ತು 360, ಎರಡೂ ಒಂದೇ ದಿಕ್ಕು.

ಹಾಗಾದರೆ ಮೂರೇ ಸಾಕಲ್ಲ, ಆರೇಕೆ ಎಂದು ಕೇಳಬಹುದು. ಪಲ್ಲಕ್ಕಿ ಹೊತ್ತವರಲ್ಲಿ ಮುಂದಿನವರು ಭುಜ ಏರಿಸುವಾಗ ಹಿಂದಿನವರು ಇಳಿಸಿದರೆ, ಪಲ್ಲಕ್ಕಿಯ ಒಟ್ಟು ಎತ್ತರ ಬದಲಾಗದಿದ್ದರೂ ಅದು ಹಿಂದಕ್ಕೂ ಮುಂದಕ್ಕೂ ತೂಗಾಡುತ್ತದೆ. ಮೂರು ಸಿಲಿಂಡರಿನ ಎಂಜಿನ್ನಿಗೆ ಇರುವ ದೋಷ ಇದೇ: ಬಲ ಸೊನ್ನೆ, ತೂಗಾಟ ಸೊನ್ನೆಯಲ್ಲ. ಆ ಮೂರರ ಮುಂದೆ ಕನ್ನಡಿ ಹಿಡಿದಂತೆ ಇನ್ನೂ ಮೂರನ್ನು ಜೋಡಿಸಿದರೆ, ಮೊದಲ ಮೂರು ಒಂದು ಕಡೆಗೆ ತೂಗುವಷ್ಟನ್ನು ಪ್ರತಿಬಿಂಬದ ಮೂರು ಇನ್ನೊಂದು ಕಡೆಗೆ ತೂಗುತ್ತವೆ. ಒಂದನೆಯದು ಮತ್ತು ಆರನೆಯದು, ಎರಡನೆಯದು ಮತ್ತು ಐದನೆಯದು, ಮೂರನೆಯದು ಮತ್ತು ನಾಲ್ಕನೆಯದು ಜೊತೆಜೊತೆಯಾಗಿ ಏರಿಳಿಯುತ್ತವೆ. ಹೆಚ್ಚುವರಿ ದಂಡ ಬೇಡ, ಪ್ರತಿಭಾರದ ಉಪಾಯ ಬೇಡ. ಸುತ್ತಿಗೆ ಆರು ಸಲ ಬರುವ ಒಂದು ಅತಿ ಸಣ್ಣ ಬಲ ಉಳಿಯುತ್ತದೆ, ಅದು ಲೆಕ್ಕಕ್ಕೆ ಬರುವಷ್ಟು ದೊಡ್ಡದಲ್ಲ. ಇಂಧನ ಉರಿಯುವ ಹೊಡೆತವೂ ಸುತ್ತಿಗೆ ಮೂರು ಸಲ, ಸಮ ಅಂತರದಲ್ಲಿ, 1-5-3-6-2-4 ಎಂಬ ಕ್ರಮದಲ್ಲಿ ಬೀಳುವುದರಿಂದ ಒಂದು ತಳ್ಳು ಮುಗಿಯುವ ಮೊದಲೇ ಇನ್ನೊಂದು ಶುರುವಾಗಿರುತ್ತದೆ.

ಈ ಜೋಡಣೆಯನ್ನು ಬಿಎಂಡಬ್ಲ್ಯು ಕಂಡುಹಿಡಿಯಲಿಲ್ಲ. ನೆದರ್ಲೆಂಡ್ಸಿನ ಸ್ಪೈಕರ್ ಕಂಪನಿ 1903ರಲ್ಲಿಯೇ ಆರು ಸಿಲಿಂಡರಿನ ಕಾರನ್ನು ಕಟ್ಟಿತ್ತು. 1917ರಲ್ಲಿ ಡೈಮ್ಲರ್ ಕಂಪನಿ ಬಿಟ್ಟು ಬಿಎಂಡಬ್ಲ್ಯುವಿನ ಊರಾದ ಮ್ಯೂನಿಕ್‌ಗೆ ಬಂದ ಮ್ಯಾಕ್ಸ್ ಫ್ರಿಟ್ಸ್ ಎಂಬ ಎಂಜಿನಿಯರ್ ತಾನು ಬಲ್ಲ ಆರರ ಸಾಲಿನಲ್ಲೇ ಒಂದು ವಿಮಾನದ ಎಂಜಿನ್ ರೂಪಿಸಿದ. 19 ಲೀಟರ್ ಗಾತ್ರದ ಆ ಎಂಜಿನ್, ಗಾಳಿ ತೆಳುವಾಗುವ ಎತ್ತರದಲ್ಲಿಯೂ ಶಕ್ತಿ ಕಳೆದುಕೊಳ್ಳದಂತೆ ಮಾಡುವ ವಿಶೇಷ ಕಾರ್ಬ್ಯುರೇಟರನ್ನು ಹೊಂದಿತ್ತು. ಕಟ್ಟಿಗೆ ಮತ್ತು ಬಟ್ಟೆಯ ಹಗುರ ವಿಮಾನಕ್ಕೆ ನಡುಗದ ಎಂಜಿನ್ ಐಷಾರಾಮವಲ್ಲ, ಪ್ರಾಣದ ಪ್ರಶ್ನೆ. 1919ರ ಜೂನ್ 17ರಂದು ಅದರ ಮುಂದಿನ ಪೀಳಿಗೆಯ ಎಂಜಿನ್ನಿನಿಂದ ಪೈಲಟ್ ಫ್ರಾಂಜ್ ಜೆನೊ ಡೀಮರ್ 9,760 ಮೀಟರ್ ಎತ್ತರಕ್ಕೆ ಏರಿದ. ಅಷ್ಟರಲ್ಲಿ ಜರ್ಮನಿ ಯುದ್ಧ ಸೋತಿತ್ತು. ಅದೇ ತಿಂಗಳ ಕೊನೆಗೆ ಸಹಿಯಾದ ವರ್ಸೇಲ್ಸ್ ಒಪ್ಪಂದದಿಂದಾಗಿ ವಿಮಾನದ ಎಂಜಿನ್ ಕೆಲಸ ನಿಂತು, ಕಂಪನಿ ರೈಲಿನ ಬ್ರೇಕುಗಳನ್ನು ಮಾಡಿ ಜೀವ ಹಿಡಿದುಕೊಂಡಿತು. 1923ರಲ್ಲಿ ಬಂದ ಆರ್ 32 ಬೈಕೂ ಫ್ರಿಟ್ಸ್‌ನದೇ ಕೃತಿ. ಅದರಲ್ಲಿ ಎರಡು ಪಿಸ್ಟನ್‌ಗಳು ಎದುರುಬದುರಾಗಿ ಓಡಿ ಒಂದರ ಎಳೆತವನ್ನು ಇನ್ನೊಂದು ಕಳೆಯುತ್ತಿದ್ದವು.

ಕಾರು ತಯಾರಿಕೆ ಶುರುವಾದದ್ದು 1928ರಲ್ಲಿ ಐಸೆನಾಖ್ ಊರಿನ ಡಿಕ್ಸಿ ಕಾರ್ಖಾನೆಯನ್ನು ಕೊಂಡ ಮೇಲೆ. ಆ ಮೊದಲ ಕಾರು ಬ್ರಿಟನ್ನಿನ ಆಸ್ಟಿನ್ ಸೆವೆನ್ನಿನ ಪರವಾನಗಿ ನಕಲು ಎಂಬುದನ್ನು "ಜರ್ಮನ್ ರಕ್ತ"ದ ಮಾತನಾಡುವವರು ಗಮನಿಸಬೇಕು. 1933ರ 303 ಮಾದರಿಯಲ್ಲಿ ಆರರ ಸಾಲು ಕಾರಿಗೆ ಬಂತು. ಗಾತ್ರ 1.2 ಲೀಟರ್, ಶಕ್ತಿ 30 ಅಶ್ವಶಕ್ತಿ ಅಷ್ಟೇ. ಇಂದಿಗೂ ಕಾಣುವ ಮೂತ್ರಪಿಂಡದಾಕಾರದ ಜೋಡಿ ಗ್ರಿಲ್ ಮೊದಲು ಕಂಡದ್ದೂ ಅದೇ ಕಾರಿನಲ್ಲಿ.

ಅದರ ಮುಂದಿನ ದಶಕವನ್ನು ಎಂಜಿನ್ನಿನ ಹೊಗಳಿಕೆಯಲ್ಲಿ ಮುಚ್ಚುವುದು ಅನ್ಯಾಯ. ಎರಡನೆಯ ಮಹಾಯುದ್ಧದಲ್ಲಿ ಮ್ಯೂನಿಕ್ ಹೊರವಲಯದ ಆಲಾಖ್ ಕಾರ್ಖಾನೆಯಲ್ಲಿ ಯುದ್ಧವಿಮಾನಗಳ ಎಂಜಿನ್ ತಯಾರಿಸಲು ಡಾಖಾವ್ ಬಂಧನ ಶಿಬಿರದ ಕೈದಿಗಳನ್ನೂ, ಆಕ್ರಮಿತ ದೇಶಗಳಿಂದ ಎಳೆತಂದವರನ್ನೂ ದುಡಿಸಿಕೊಳ್ಳಲಾಯಿತು. 2016ರ ಶತಮಾನೋತ್ಸವದಲ್ಲಿ ಕಂಪನಿ ಇದಕ್ಕಾಗಿ ಬಹಿರಂಗವಾಗಿ ವಿಷಾದಿಸಿತು. ಕಂಪನಿಯ ಹೆಸರಿನ ಲೆಕ್ಕದಲ್ಲಿ ಇದೂ ಸೇರಬೇಕು.

ಯುದ್ಧದ ನಂತರ ಐಸೆನಾಖ್ ಸೋವಿಯತ್ ವಲಯಕ್ಕೆ ಸೇರಿತು. ದೊಡ್ಡ ಕಾರುಗಳಲ್ಲಿ ನಷ್ಟ, ಇಸೆಟ್ಟಾ ಎಂಬ ಪುಟ್ಟ ಕಾರಿನಲ್ಲಿ ಅಲ್ಪ ಲಾಭ ಎಂಬ ಸ್ಥಿತಿಯಲ್ಲಿ, 1959ರ ಡಿಸೆಂಬರ್ 9ರ ಷೇರುದಾರರ ಸಭೆಯಲ್ಲಿ ಕಂಪನಿಯು ಡೈಮ್ಲರ್-ಬೆಂಜ್ ಕೈಗೆ ಹೋಗುವುದರಲ್ಲಿತ್ತು. ಸಣ್ಣ ಷೇರುದಾರರು ಹಟ ಹಿಡಿದು ತಡೆದರು. ಬಳಿಕ ಉದ್ಯಮಿ ಹರ್ಬರ್ಟ್ ಕ್ವಾಂಟ್ ಹಣ ಹೂಡಿದರು. 1968ರಲ್ಲಿ 2500 ಮತ್ತು 2800 ಕಾರುಗಳೊಡನೆ ಆರರ ಸಾಲು ಮರಳಿತು. 30 ಡಿಗ್ರಿ ಓರೆಯಾಗಿ ಕೂರಿಸಿದ ಆ ಎಂಜಿನ್ ಕುಲ ಸುಮಾರು ಕಾಲು ಶತಮಾನ ಬಾಳಿತು. ಇಂದು ಜನ ಬಿಎಂಡಬ್ಲ್ಯು ಎಂದೊಡನೆ ನೆನೆಯುವ ನಯ ಬಹುಪಾಲು ಆಗ ಗಳಿಸಿದ್ದು.

ಇಷ್ಟು ಒಳ್ಳೆಯದಾದರೆ ಎಲ್ಲರೂ ಇದನ್ನೇ ಏಕೆ ಬಳಸಲಿಲ್ಲ? ಆರರ ಸಾಲು ಉದ್ದ. ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳನ್ನು ಓಡಿಸುವ ಕಾರಿನಲ್ಲಿ ಅದಕ್ಕೆ ಜಾಗ ಸಿಗುವುದು ಕಷ್ಟ, ಉದ್ದನೆಯ ಕ್ರ್ಯಾಂಕ್‌ಶಾಫ್ಟ್ ಹಿಂಡಿದ ಒದ್ದೆ ಬಟ್ಟೆಯಂತೆ ತಿರುಚಿಕೊಳ್ಳುವ ಅಪಾಯವೂ ಇದೆ. ಮರ್ಸಿಡಿಸ್ 1990ರ ದಶಕದ ಕೊನೆಗೆ ಇದನ್ನು ಬಿಟ್ಟು, ಮೂರು ಮೂರು ಸಿಲಿಂಡರ್‌ಗಳನ್ನು V ಆಕಾರದಲ್ಲಿ ನಿಲ್ಲಿಸಿದ ಗಿಡ್ಡನೆಯ ವಿ-6ಕ್ಕೆ ಹೋಗಿ, 2017ರಲ್ಲಿ ಮತ್ತೆ ಸಾಲಿಗೇ ಮರಳಿತು. ಪೋರ್ಶೆ ತನ್ನ 944 ಕಾರಿನ ನಾಲ್ಕು ಸಿಲಿಂಡರಿನ ನಡುಕ ಕಳೆಯಲು ಜಪಾನಿನ ಮಿತ್ಸುಬಿಷಿಯಿಂದ ಬ್ಯಾಲೆನ್ಸರ್ ಶಾಫ್ಟಿನ ಪರವಾನಗಿ ಪಡೆಯಿತು. ಬಿಎಂಡಬ್ಲ್ಯು ಹಿಂದಿನ ಚಕ್ರ ಓಡಿಸುವ ಉದ್ದ ಮೂತಿಯ ಕಾರುಗಳನ್ನು ಬಿಡಲಿಲ್ಲವಾದ್ದರಿಂದ ಅದಕ್ಕೆ ಆರರ ಸಾಲಿಗೆ ಜಾಗವಿತ್ತು. ಅದರ ಹಿರಿಮೆ ಹೊಸದನ್ನು ಕಂಡುಹಿಡಿದುದರಲ್ಲಿ ಅಲ್ಲ, ಇತರರು ಕೈಬಿಟ್ಟಾಗಲೂ ಅದಕ್ಕೆ ಜಾಗ ಉಳಿಸಿಕೊಂಡು ತಿದ್ದುತ್ತ ಬಂದುದರಲ್ಲಿದೆ.

ಮ್ಯೂನಿಕ್‌ನ ಮೂಲ ಕಾರ್ಖಾನೆಯಲ್ಲಿ ಎಂಜಿನ್ ತಯಾರಿಕೆ 2023ರ ನವೆಂಬರಿನಲ್ಲಿ ನಿಂತಿತು. ಆರರ ಸಾಲಿನ ಎಂಜಿನ್ನುಗಳು ಈಗ ಆಸ್ಟ್ರಿಯದ ಸ್ಟೈರ್ ಊರಿನಿಂದ ಬರುತ್ತವೆ. ಮ್ಯೂನಿಕ್‌ನಲ್ಲಿ ಆ ಜಾಗವನ್ನು ವಿದ್ಯುತ್ ಕಾರುಗಳಿಗೆ ಬಿಟ್ಟುಕೊಡಲಾಗಿದೆ. ಅವುಗಳ ಮೋಟಾರಿನಲ್ಲಿ ಏರಿಳಿಯುವ ಪಿಸ್ಟನ್ ಒಂದೂ ಇಲ್ಲ. ಮೋಟಾರಿನ ಹೊರಕವಚದೊಳಗಿನ ತಂತಿಯ ಸುರುಳಿಗಳಲ್ಲಿ ಮೂರು ಪ್ರವಾಹಗಳು, ಒಂದಕ್ಕೊಂದು 120 ಡಿಗ್ರಿ ಅಂತರದಲ್ಲಿ, ಏರಿಳಿಯುತ್ತಿರುತ್ತವೆ.