ಖಾಲಿ ಬಿಟ್ಟರೆ ಕೆಡುವ ಬ್ಯಾಟರಿ, ತುಂಬಿಟ್ಟರೆ ಸೊರಗುವ ಬ್ಯಾಟರಿ

ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಕ್ಯಾಂಪಿಂಗ್ ಟ್ರೇಲರ್‌ಗೆ ಇನ್ನೊಂದು ಕಾರ್ ಬ್ಯಾಟರಿ ಹಾಕಿದರಾಯಿತು ಅನ್ನಿಸುವುದು ಸಹಜ. ಆದರೆ ಕಾರಿನ ಬ್ಯಾಟರಿ ಇರುವುದು ಎಂಜಿನ್ ಹೊತ್ತಿಸುವ ಆ ಒಂದೆರಡು ಕ್ಷಣ ನೂರಾರು ಆಂಪಿಯರ್ ಕೊಡಲಿಕ್ಕೆ. ಅದಕ್ಕೆಂದೇ ಅದರೊಳಗೆ ತೆಳುವಾದ ಸೀಸದ ಫಲಕಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ರಾತ್ರಿಯಿಡೀ ಫ್ಯಾನು, ಫ್ರಿಜ್ಜು ಓಡಿಸಿ ದಿನವೂ ಬಸಿದರೆ ಆ ಫಲಕಗಳು ಬೇಗ ಉದುರುತ್ತವೆ. ಟ್ರೇಲರ್‌ಗೆ ಬೇಕಾದ್ದು ದಪ್ಪ ಫಲಕದ ಡೀಪ್ ಸೈಕಲ್ ಬ್ಯಾಟರಿ, ಅಂದರೆ ಪದೇ ಪದೇ ಆಳವಾಗಿ ಬಸಿದು ಮತ್ತೆ ತುಂಬಲು ತಕ್ಕದ್ದು. ನಮ್ಮ ಮನೆಗಳ ಇನ್ವರ್ಟರ್ ಬ್ಯಾಟರಿಯೂ ಇದೇ ಜಾತಿಯದು.

ಎಷ್ಟು ದೊಡ್ಡದು ಬೇಕು? ದೀಪಗಳಿಗೆ ದಿನಕ್ಕೆ 60 ವ್ಯಾಟ್-ಗಂಟೆ, ಫ್ಯಾನಿಗೆ 160, ಸಣ್ಣ ಫ್ರಿಜ್ಜಿಗೆ 400, ಫೋನುಗಳಿಗೆ 40 ಎಂದುಕೊಳ್ಳಿ. ಒಟ್ಟು 660 ಆಯಿತು. ಬ್ಯಾಟರಿಯ 12 ವೋಲ್ಟಿನಿಂದ ಭಾಗಿಸಿದರೆ 55 ಆಂಪಿಯರ್-ಗಂಟೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬಸಿಯಬಾರದಾದ್ದರಿಂದ 100 ಆಂಪಿಯರ್-ಗಂಟೆಯ ಬ್ಯಾಟರಿ ಒಂದು ದಿನಕ್ಕೂ ಸಾಲದು. ಫ್ರಿಜ್ಜು ಬಿಟ್ಟರೆ ಎರಡು ದಿನ ನಿಶ್ಚಿಂತೆ!

ಸೀಸ-ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ್ದು 1859ರಲ್ಲಿ. ಅದರ ಗುಣ ಇಂದಿಗೂ ಬದಲಾಗಿಲ್ಲ. ವಿದ್ಯುತ್ ಹರಿದಂತೆಲ್ಲ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಆ ಸಣ್ಣ ಹರಳುಗಳು ಕರಗಿಹೋಗುತ್ತವೆ. ವಾರಗಟ್ಟಲೆ ಬಿಟ್ಟರೆ ದೊಡ್ಡದಾಗಿ, ಗಟ್ಟಿಯಾಗಿ, ಮತ್ತೆ ಕರಗಲೊಲ್ಲವು. ಪ್ರವಾಸದಲ್ಲಿ ಬಳಸಿದ್ದಕ್ಕಿಂತ ಮನೆಗೆ ಬಂದಮೇಲೆ ಮರೆತು ಬಿಟ್ಟಿದ್ದರಿಂದಲೇ ಹೆಚ್ಚು ಬ್ಯಾಟರಿಗಳು ಕೆಡುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಲ್ಲಿಸಿದ ಟ್ರೇಲರಿನಲ್ಲೂ ಗ್ಯಾಸ್ ಸೋರಿಕೆಯ ಅಲಾರಂ ಸದಾ ಕರೆಂಟು ಹೀರುತ್ತಿರುತ್ತದೆ. ಹಾಗಾಗಿ ಪೂರ್ತಿ ಚಾರ್ಜ್ ಮಾಡಿ ನೆಗೆಟಿವ್ ತಂತಿ ಬಿಚ್ಚಿಡಿ. ಕೆಲವು ಗಂಟೆ ವಿಶ್ರಾಂತಿಯ ನಂತರ 12.7 ವೋಲ್ಟ್ ತೋರಿದರೆ ತುಂಬಿದೆ, 12.2 ಅಂದರೆ ಅರ್ಧ. ಹಿಮ ಬೀಳುವ ನಾಡಿನಲ್ಲಿ ಪೂರ್ತಿ ಚಾರ್ಜ್ ಮಾಡಿಡಲು ಇನ್ನೊಂದು ಕಾರಣವಿದೆ: ಖಾಲಿ ಬ್ಯಾಟರಿಯ ಆಮ್ಲ ನೀರಿನಂತೆ ತೆಳುವಾಗಿ, ಹೆಪ್ಪುಗಟ್ಟಿ, ಪೆಟ್ಟಿಗೆಯನ್ನೇ ಸೀಳಬಲ್ಲದು. ಮುಚ್ಚಳ ಬಿಚ್ಚುವಂಥದ್ದಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊಮ್ಮುವುದರಿಂದ ಗಾಳಿಯಾಡುವ ಜಾಗದಲ್ಲಿಡಿ.

ಲಿಥಿಯಂ ಕಬ್ಬಿಣ ಫಾಸ್ಫೇಟ್ ಬಳಸುವ ಹೊಸ ಬಗೆಯ ಬ್ಯಾಟರಿ ಬಂದಮೇಲೆ ಈ ಅಭ್ಯಾಸಗಳಲ್ಲಿ ಕೆಲವು ತಲೆಕೆಳಗಾಗಿವೆ. ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್ 1997ರಲ್ಲಿ ಪ್ರಕಟಿಸಿದ ವಸ್ತು ಇದು. ಈ ಬ್ಯಾಟರಿಯ ತೂಕ ಸೀಸದ್ದರ ಅರ್ಧಕ್ಕೂ ಕಡಿಮೆ. ಪುಟ್ಟ ಟ್ರೇಲರ್‌ಗೆ ಅದೇ ದೊಡ್ಡ ಲಾಭ. ಸಾಮರ್ಥ್ಯದ ಶೇ. 80ರಷ್ಟನ್ನು ಧೈರ್ಯವಾಗಿ ಬಳಸಬಹುದು. ಆದರೆ ಪೂರ್ತಿ ತುಂಬಿ ಬಿಸಿಲಲ್ಲಿ ತಿಂಗಳುಗಟ್ಟಲೆ ಇಟ್ಟರೆ ಬೇಗ ಮುಪ್ಪಾಗುತ್ತದೆ, ಅರ್ಧ ತುಂಬಿ ತಂಪಿನಲ್ಲಿಡಬೇಕು. ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವೇ ಪದರಗಟ್ಟಿ ಬ್ಯಾಟರಿ ಕೆಡುತ್ತದೆ. ಬಹುಪಾಲು ಖಾಲಿಯಾಗುವವರೆಗೂ ವೋಲ್ಟೇಜ್ ಅಲುಗದ ಕಾರಣ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ನಂಬಿ ಕೂರುವಂತಿಲ್ಲ. ಒಳಹೋದ, ಹೊರಬಂದ ಕರೆಂಟನ್ನು ಲೆಕ್ಕವಿಡುವ ಮಾನಿಟರ್ ಬೇಕು. ಎಂಜಿನ್ ಓಡುವಾಗ ವಿದ್ಯುತ್ ತಯಾರಿಸುವ ಕಾರಿನ ಆಲ್ಟರ್ನೇಟರ್‌ಗೆ ನೇರ ಜೋಡಿಸಿದರೆ ಅತಿಯಾಗಿ ಕರೆಂಟು ಎಳೆದು ಅದನ್ನು ಸುಡಬಲ್ಲದು, ನಡುವೆ ಕರೆಂಟನ್ನು ಮಿತಿಯಲ್ಲಿಡುವ ಡಿಸಿ-ಡಿಸಿ ಚಾರ್ಜರ್ ಇರಲಿ.