ಸಾರ್ಟ್ ಯಾಕೆ ಎರಡು ಸಲ?

ಸರ್ವರ್ ನೋಡ್ಕೊಳ್ಳೋ ಕೆಲಸದಲ್ಲಿ ಇರೋರ ಹತ್ರ ಲಿನಕ್ಸ್ ಕಮಾಂಡ್‌ಗಳ ಈ ಒಂದು ಸಾಲು ಇದ್ದೇ ಇರತ್ತೆ, ನೋಟ್‌ಪ್ಯಾಡ್‌ನಲ್ಲೋ, ವಾಟ್ಸಾಪ್‌ನಲ್ಲಿ ತಮಗೆ ತಾವೇ ಕಳಿಸ್ಕೊಂಡ ಮೆಸೇಜ್‌ನಲ್ಲೋ:

ಸಾರ್ಟ್ | ಯುನಿಕ್ -ಸಿ | ಸಾರ್ಟ್ -ಆರ್‌ಎನ್

ಸಾರ್ಟ್ ಅಂದ್ರೆ ಸಾಲುಗಳನ್ನ ಕ್ರಮವಾಗಿ ಜೋಡಿಸೋದು, -ಸಿ ಅಂದ್ರೆ ಎಣಿಸು, -ಆರ್‌ಎನ್ ಅಂದ್ರೆ ಸಂಖ್ಯೆ ನೋಡಿ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸು. ಸರ್ವರ್‌ಗೆ ಯಾರು ಬಂದ್ರು ಅಂತ ಬರೆದಿಡೋ ಲಾಗ್ ಫೈಲ್‌ನಿಂದ ಐಪಿ ಅಡ್ರೆಸ್ (ಬಂದ ಕಂಪ್ಯೂಟರ್‌ನ ವಿಳಾಸ) ಕಾಲಂ ಒಂದನ್ನೇ ಆಕ್ ಅನ್ನೋ ಕಮಾಂಡ್‌ನಲ್ಲಿ ಕಿತ್ತು ಇದಕ್ಕೆ ಕೊಟ್ರೆ ಸಾಕು, ಯಾವ ಅಡ್ರೆಸ್ ಎಷ್ಟು ಸಲ ಬಂದಿದೆ ಅಂತ ಜಾಸ್ತಿಯಿಂದ ಕಮ್ಮಿಗೆ ಪಟ್ಟಿ ಬರತ್ತೆ. ನಾನು ದಿನಾ ಬಳಸ್ತೀನಿ. ಆದ್ರೆ ಇದನ್ನ ಮಂತ್ರದ ಥರ ಉರು ಹೊಡೆದು ಪೇಸ್ಟ್ ಮಾಡೋದು ನೋಡಿದ್ರೆ ನಿಜವಾಗ್ಲೂ ಭಯ ಆಗತ್ತೆ, ಕೆಲಸ ಮಾಡ್ಲಿಲ್ವಾ ಮುಂದೆ ಸುಡೊ (ಅಡ್ಮಿನ್ ಅಧಿಕಾರದಲ್ಲಿ ಓಡಿಸೋ ಕಮಾಂಡ್) ಹಾಕು, ಆಗ್ಲೂ ಆಗ್ಲಿಲ್ವಾ ರೀಬೂಟ್ ಮಾಡು, ಇದಕ್ಕೂ ದೃಷ್ಟಿ ತೆಗೆಯೋದಕ್ಕೂ ಏನು ವ್ಯತ್ಯಾಸ ಹೇಳಿ.

ಒಂದು ರಾತ್ರಿ ನಮ್ಮ ಸರ್ವರ್ ತುಂಬಾ ಸ್ಲೋ ಆಗಿತ್ತು. ಟೀಮ್‌ಗೆ ಹೊಸದಾಗಿ ಬಂದಿದ್ದ ಹುಡುಗ ಲಾಗ್ ನೋಡಿ, ಯಾರೂ ಜಾಸ್ತಿ ಹಿಟ್ ಮಾಡ್ತಿಲ್ಲ, ಎಲ್ಲಾ ಅಡ್ರೆಸ್ಸೂ ಎರಡು ಸಲ ಮೂರು ಸಲ ಅಷ್ಟೇ ಅಂದ. ನಾವು ಎರಡು ಗಂಟೆ ಡೇಟಾಬೇಸ್ ಕಡೆ ಹುಡುಕಿದ್ವಿ. ಆಮೇಲೆ ಅವನ ಸ್ಕ್ರೀನ್ ನೋಡಿದ್ರೆ ಮೊದಲನೇ ಸಾರ್ಟ್ ಇಲ್ಲ! "ಸರ್, ಎರಡು ಸಲ ಇತ್ತು, ತಪ್ಪಾಗಿ ಬಂದಿದೆ ಅಂದ್ಕೊಂಡು ಒಂದು ತೆಗ್ದೆ" ಅಂದ. ವಾಪಸ್ ಹಾಕಿ ಓಡಿಸಿದ್ರೆ ಒಂದೇ ಒಂದು ಅಡ್ರೆಸ್ ಸಾವಿರಗಟ್ಟಲೆ ಸಲ ಲಾಗಿನ್ ಪೇಜ್‌ಗೆ ಬಡೀತಿತ್ತು. ಹುಡುಗನ್ನ ಬೈಯೋ ವಿಷಯ ಅಲ್ಲ ಇದು, ಯುನಿಕ್ ಏನು ಮಾಡತ್ತೆ ಅಂತ ಅವನಿಗೆ ಯಾರೂ ಹೇಳಿರ್ಲಿಲ್ಲ.

ಯುನಿಕ್ ಅಂದ್ರೆ ಡೂಪ್ಲಿಕೇಟ್ ತೆಗೆಯೋದು ಅಂತ ಎಲ್ರೂ ತಿಳ್ಕೊಂಡಿದ್ದಾರೆ. ಅದು ಅರ್ಧ ಸತ್ಯ. ಯುನಿಕ್‌ಗೆ ನೆನಪಿರೋದು ಹಿಂದಿನ ಸಾಲು ಒಂದೇ. ಈಗ ಬಂದ ಸಾಲು ಅದರ ಥರಾನೇ ಇದ್ರೆ ಎಣಿಕೆ ಒಂದು ಏರಿಸತ್ತೆ, ಬೇರೆ ಆಗಿದ್ರೆ ಹಳೇ ಲೆಕ್ಕ ಬರೆದು ಮುಗಿಸಿ ಹೊಸದು ಶುರು ಮಾಡತ್ತೆ. ರಾಗಿ, ಜೋಳ, ರಾಗಿ, ರಾಗಿ, ಜೋಳ ಅಂತ ಐದು ಸಾಲು ಕೊಟ್ಟು ನೋಡಿ: 1 ರಾಗಿ, 1 ಜೋಳ, 2 ರಾಗಿ, 1 ಜೋಳ ಅಂತ ಬರತ್ತೆ. ಮೊದಲು ಸಾರ್ಟ್ ಹಾಕಿದ್ರೆ ಒಂದೇ ಥರದ್ದೆಲ್ಲ ಪಕ್ಕಪಕ್ಕ ಬಂದು ಕೂತ್ಕೊಳತ್ತೆ, ಆಗ 2 ಜೋಳ, 3 ರಾಗಿ. ಅಂದ್ರೆ ಮೊದಲನೇ ಸಾರ್ಟ್ ಇರೋದು ಒಂದೇ ಜಾತಿಯದ್ದನ್ನ ಒಟ್ಟಿಗೆ ತರೋಕೆ, ಎರಡನೇದು ಎಣಿಕೆ ಪ್ರಕಾರ ಜೋಡಿಸೋಕೆ.

ಇಷ್ಟು ಮರೆವಿನ ಪ್ರೋಗ್ರಾಂ ಯಾಕೆ ಬರೆದ್ರು ಅಂದ್ರೆ ಯುನಿಕ್ಸ್, ಅಂದ್ರೆ ಈ ಕಮಾಂಡ್‌ಗಳು ಹುಟ್ಟಿದ ಆಪರೇಟಿಂಗ್ ಸಿಸ್ಟಂ, ಬೆಳೆದಿದ್ದು ಪಿಡಿಪಿ-11 ಅನ್ನೋ ಹಳೇ ಕಂಪ್ಯೂಟರ್ ಮೇಲೆ, ಅದರ ಮೆಮೊರಿ ಅಡ್ರೆಸ್ 16 ಬಿಟ್, ಒಂದು ಪ್ರೋಗ್ರಾಂಗೆ ಸಿಗೋ ಅಡ್ರೆಸ್ ಜಾಗ 65,536 ಬೈಟ್. ಎಲ್ಲಾ ಸಾಲನ್ನೂ ನೆನಪಲ್ಲಿ ಇಟ್ಕೊಳ್ಳೋ ಐಷಾರಾಮ ಅಲ್ಲಿ ಇರ್ಲಿಲ್ಲ. ಇವತ್ತು ಲಿನಕ್ಸ್‌ನಲ್ಲಿ ಎರಡು ಪ್ರೋಗ್ರಾಂ ನಡುವೆ ಇರೋ ಪೈಪ್ ಇದ್ಯಲ್ಲ, ಆ ನೆಟ್ಟಗಿನ ಗೆರೆ, ಅದರ ಹೊಟ್ಟೆಯೂ ಸಾಮಾನ್ಯವಾಗಿ 65,536 ಬೈಟೇ! ಆಗಿನ ಪ್ರೋಗ್ರಾಂನ ಪೂರ್ತಿ ಲೋಕ ಈಗಿನ ಒಂದು ಪೈಪ್ ಒಳಗೆ ಹಿಡಿಸತ್ತೆ ಅಂತ ಮೊದಲ ಸಲ ಹೊಳೆದಾಗ ನಾನು ಕೂತಲ್ಲೇ ಖುಷಿ ಪಟ್ಟಿದ್ದೆ.

ಈ ಪೈಪ್ ಬಗ್ಗೆ ಹೇಳ್ಲೇಬೇಕು. ಯುನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸ್‌ನ ಡಗ್ ಮ್ಯಾಕಿಲ್‌ರಾಯ್ 1964ರಲ್ಲೇ ಒಂದು ಟಿಪ್ಪಣಿ ಬರೆದಿದ್ರು, ತೋಟಕ್ಕೆ ನೀರು ಬಿಡೋ ಪೈಪನ್ನ ಒಂದಕ್ಕೊಂದು ತಿರುಗಿಸಿ ಜೋಡಿಸ್ತೀವಲ್ಲ, ಹಾಗೆ ಪ್ರೋಗ್ರಾಂಗಳನ್ನ ಜೋಡಿಸೋ ದಾರಿ ಬೇಕು ಅಂತ. ಅದು ಕೈಗೂಡಿದ್ದು 1973ರಲ್ಲಿ. ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಒಂದೇ ರಾತ್ರಿಯಲ್ಲಿ ಪೈಪನ್ನ ಯುನಿಕ್ಸ್‌ಗೆ ಸೇರಿಸಿದ್ರು, ಮಾರನೇ ದಿನ ಆಫೀಸ್‌ನಲ್ಲಿ ಎಲ್ರೂ ಒಂದೊಂದು ಸಾಲಿನ ಪ್ರೋಗ್ರಾಂ ಬರೆಯೋಕೆ ಮುಗಿಬಿದ್ರು.

ಇಲ್ಲೂ ಒಂದು ತಪ್ಪು ತಿಳುವಳಿಕೆ ಇದೆ, ಮೊದಲನೇ ಕಮಾಂಡ್ ಪೂರ್ತಿ ಮುಗಿದ ಮೇಲೆ ಎರಡನೇದು ಶುರುವಾಗತ್ತೆ ಅಂತ. ಇಲ್ಲ, ಎಲ್ಲಾ ಒಟ್ಟಿಗೇ ಓಡ್ತಿರತ್ತೆ. ಸ್ಲೀಪ್ 5 | ಸ್ಲೀಪ್ 5 ಅಂತ ಹೊಡೆದು ಗಡಿಯಾರ ನೋಡಿ, 10 ಸೆಕೆಂಡ್ ಅಲ್ಲ, 5 ಸೆಕೆಂಡ್‌ಗೆ ಮುಗಿಯತ್ತೆ. ದರ್ಶಿನಿ ಹೋಟೆಲ್ ನೆನಪು ಮಾಡ್ಕೊಳ್ಳಿ, ಅಡುಗೆಮನೆಗೂ ಕೌಂಟರ್‌ಗೂ ನಡುವೆ ಒಂದು ಕಟ್ಟೆ, ದೋಸೆ ಹಾಕೋರು ಪ್ಲೇಟ್ ತಂದು ಅಲ್ಲಿ ಇಡ್ತಾರೆ, ಕೌಂಟರ್‌ನೋರು ಎತ್ಕೊಂಡು ಕೊಡ್ತಾರೆ, ಕಟ್ಟೆ ತುಂಬಿದ್ರೆ ದೋಸೆ ಹಾಕೋರು ಕೈಕಟ್ಟಿ ನಿಲ್ತಾರೆ, ಖಾಲಿ ಆದ್ರೆ ಕೌಂಟರ್‌ನೋರು ಕಾಯ್ತಾರೆ. ಆ ಕಟ್ಟೇನೇ 65,536 ಬೈಟ್. ಕೆರೆ ಇರೋ ಊರಿನೋರಿಗೆ ಇನ್ನೂ ಸುಲಭ, ಕೆರೆಯಲ್ಲಿ ಎಷ್ಟೇ ನೀರಿದ್ರೂ ತೂಬು ಬಿಟ್ಟಷ್ಟೇ ಗದ್ದೆಗೆ ಹೋಗೋದು. ಹಾಗಾಗಿ ಕಂಪ್ಯೂಟರ್‌ಗೆ ಮೆಮೊರಿ 4 ಜಿಬಿ ಇದ್ದು ಲಾಗ್ ಫೈಲ್ 40 ಜಿಬಿ ಇದ್ರೂ ಪದ ಹುಡುಕೋ ಗ್ರೆಪ್ ಕಮಾಂಡ್ ಆರಾಮಾಗಿ ಓಡತ್ತೆ, ಯಾಕಂದ್ರೆ ಅದು ಒಂದು ಸಲಕ್ಕೆ ಒಂಚೂರೇ ಹಿಡ್ಕೊಳ್ಳೋದು. ಮುಂದಿನೋರು ಮಧ್ಯದಲ್ಲೇ ಎದ್ದು ಹೋದ್ರೂ ತೊಂದರೆ ಇಲ್ಲ: ಯೆಸ್ ಅನ್ನೋ ಕಮಾಂಡ್ ಕೊನೆಯಿಲ್ದೆ ಬರೀತಾನೇ ಇರತ್ತೆ, ಅದನ್ನ ಮೊದಲ ಕೆಲವು ಸಾಲು ಮಾತ್ರ ತಗೊಳ್ಳೋ ಹೆಡ್‌ಗೆ ಕೊಟ್ಟು ಒಂದೇ ಸಾಲು ಸಾಕು ಅಂದ್ರೆ ಹೆಡ್ ಮುಗಿದ ತಕ್ಷಣ ಯೆಸ್‌ಗೆ ಕರ್ನೆಲ್‌ನಿಂದ (ಆಪರೇಟಿಂಗ್ ಸಿಸ್ಟಂನ ತಿರುಳು) ಸಿಗ್ನಲ್ ಹೋಗಿ ಅದೂ ಸಾಯತ್ತೆ.

ಸಾರ್ಟ್ ಮಾತ್ರ ಹೀಗಲ್ಲ. ಕೊನೇ ಸಾಲೇ ಎಲ್ಲಕ್ಕಿಂತ ಮೊದಲು ಬರಬೇಕಾಗಿರಬಹುದು, ಅದಕ್ಕೇ ಎಲ್ಲಾ ಓದಿ ಮುಗಿಸೋ ತನಕ ಒಂದು ಸಾಲೂ ಹೊರಗೆ ಬಿಡಲ್ಲ. ಮೆಮೊರಿ ಸಾಲದಿದ್ರೆ ಉತ್ತರಪತ್ರಿಕೆ ಬಂಡಲ್ ಜೋಡಿಸೋ ಮೇಷ್ಟ್ರ ಥರ, ಒಂದೊಂದು ಬಂಡಲನ್ನ ರಿಜಿಸ್ಟರ್ ನಂಬರ್ ಪ್ರಕಾರ ಜೋಡಿಸಿ ಪಕ್ಕಕ್ಕಿಟ್ಟು, ಆಮೇಲೆ ಎಲ್ಲಾ ಬಂಡಲ್‌ಗಳ ಮೇಲಿನ ಹಾಳೆ ಹೋಲಿಸ್ತಾ ಒಂದಾಗಿ ಸೇರಿಸತ್ತೆ. ಇದೇ ಮರ್ಜ್ ಉಪಾಯ, ಗಣಿತಜ್ಞ ವಾನ್ ನಾಯ್ಮನ್ 1945ರಲ್ಲೇ ಬರೆದಿದ್ದು. ಆ ಬಂಡಲ್‌ಗಳು ಕೂರೋದು ಸಾಮಾನ್ಯವಾಗಿ ಟೆಂಪ್ ಫೋಲ್ಡರ್‌ನಲ್ಲಿ, ದೊಡ್ಡ ಲಾಗ್ ಸಾರ್ಟ್ ಮಾಡೋವಾಗ ಅಲ್ಲಿ ಜಾಗ ಇದ್ಯಾ ಅಂತ ನೋಡ್ಕೊಳ್ಳಿ, ಇಲ್ಲಾಂದ್ರೆ ಅರ್ಧದಲ್ಲಿ ನಿಲ್ಲತ್ತೆ.

ನಮ್ಮ ಸಾರ್ಟ್-ಯುನಿಕ್-ಸಾರ್ಟ್ ಸಾಲು ಹೆಸರು ಮಾಡಿದ್ದು 1986ರಲ್ಲಿ. ಒಂದು ಬರಹದಲ್ಲಿ ಹೆಚ್ಚು ಸಲ ಬಂದಿರೋ ಪದಗಳನ್ನ ಪಟ್ಟಿ ಮಾಡೋ ಪ್ರೋಗ್ರಾಂ ಬರೆದುಕೊಡಿ ಅಂತ ಕಂಪ್ಯೂಟರ್ ವಿಜ್ಞಾನಿ ಜಾನ್ ಬೆಂಟ್ಲಿ ತಮ್ಮ ಅಂಕಣಕ್ಕೆ ಇನ್ನೊಬ್ಬ ಹೆಸರಾಂತ ವಿಜ್ಞಾನಿ ಡೊನಾಲ್ಡ್ ಕ್ನೂತ್‌ರನ್ನ ಕೇಳಿದ್ರು, ಕ್ನೂತ್ ಪುಟಗಟ್ಟಲೆ ಚೆಂದದ ಪ್ರೋಗ್ರಾಂ ಕೊಟ್ರು, ವಿಮರ್ಶೆ ಮಾಡಿದ ಮ್ಯಾಕಿಲ್‌ರಾಯ್ ಅದೇ ಕೆಲಸಕ್ಕೆ ಆರು ಕಮಾಂಡ್‌ನ ಪೈಪ್ ಬರೆದು ತೋರಿಸಿದ್ರು, ಅದರ ಮಧ್ಯ ಇದ್ದಿದ್ದೇ ನಮ್ಮ ಸಾಲು. ಕ್ನೂತ್ ಸೋತ್ರು ಅಂತ ಎಲ್ಲಾ ಕಡೆ ಹೇಳ್ತಾರೆ, ನನಗೆ ಅದು ಸರಿ ಅನ್ಸಲ್ಲ. ಅವರಿಗೆ ಕೇಳಿದ್ದೇ ಬೇರೆ, ಮನುಷ್ಯ ಓದೋ ಹಾಗೆ ಪ್ರೋಗ್ರಾಂ ಬರೆಯೋ ಅವರ ಪದ್ಧತಿಯನ್ನ ತೋರಿಸಿ ಅಂತ.

ಆ ಆರು ಕಮಾಂಡನ್ನ ಕನ್ನಡ ಬರಹಕ್ಕೆ ಹಾಕಿದ್ರೆ ಏನಾಗತ್ತೆ? ಒಂದೂ ಕನ್ನಡ ಪದ ಬರಲ್ಲ. ಮೊದಲನೇ ಕಮಾಂಡ್ ಟಿಆರ್, ಇಂಗ್ಲಿಷ್‌ನ ಎ ಇಂದ ಝಡ್ ಬಿಟ್ಟು ಮಿಕ್ಕಿದ್ದನ್ನೆಲ್ಲ ಹೊಸ ಸಾಲು ಮಾಡ್ಬಿಡತ್ತೆ. ಕನ್ನಡದ ‘ಕ’ ಯುಟಿಎಫ್-8ರಲ್ಲಿ (ಅಕ್ಷರಗಳನ್ನ ಬೈಟ್ ಆಗಿ ಬರೆದಿಡೋ ಪದ್ಧತಿ) ಮೂರು ಬೈಟ್, ‘ಕ್ಷ’ ಒಂಬತ್ತು. ಲಿನಕ್ಸ್‌ನ ಗ್ನೂ ಟಿಆರ್ ಅಕ್ಷರ ನೋಡಲ್ಲ, ಬೈಟ್ ನೋಡತ್ತೆ. ‘ಕ’ ಒಂದನ್ನ ಅಳಿಸು ಅಂದ್ರೆ ಅದರ ಮೂರೂ ಬೈಟನ್ನ ಎಲ್ಲಿದ್ರೂ ಅಳಿಸತ್ತೆ, ಕನ್ನಡದ ಎಲ್ಲಾ ಅಕ್ಷರಗಳ ಮೊದಲ ಬೈಟೂ ಒಂದೇ ಆಗಿರೋದ್ರಿಂದ ಇಡೀ ಬರಹ ಚಿಂದಿ.

ಆದ್ರೆ ಮಿಕ್ಕ ಕಮಾಂಡ್‌ಗಳು ಕನ್ನಡಕ್ಕೆ ಹಾಗೇ ನಡೀತವೆ, ಅದಕ್ಕೆ ಕಾರಣಾನೂ ಅದೇ ಥಾಂಪ್ಸನ್! 1992ರ ಸೆಪ್ಟೆಂಬರ್‌ನಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲ್‌ನಲ್ಲಿ, ತಟ್ಟೆ ಕೆಳಗೆ ಹಾಸೋ ಪೇಪರ್ ಮೇಲೆ, ಸಹೋದ್ಯೋಗಿ ರಾಬ್ ಪೈಕ್ ಜೊತೆ ಕೂತು ಅವರು ಯುಟಿಎಫ್-8 ರೂಪಿಸಿದ್ರು. ಅದರಲ್ಲಿ ಬಹುಬೈಟ್ ಅಕ್ಷರದ ಯಾವ ಬೈಟೂ 128ಕ್ಕಿಂತ ಕಮ್ಮಿ ಇರಲ್ಲ, ಸಾಲು ಮುರಿಯೋ ಬೈಟ್ 10, ಸ್ಪೇಸ್ 32, ಇವು ಕನ್ನಡ ಅಕ್ಷರದ ಹೊಟ್ಟೆಯೊಳಗೆ ಬರೋಕೇ ಸಾಧ್ಯ ಇಲ್ಲ. ಅದಕ್ಕೇ ಟಿಆರ್‌ಗೆ ಬರೀ ಸ್ಪೇಸನ್ನ ಹೊಸ ಸಾಲು ಮಾಡು ಅಂದ್ರೆ ಕನ್ನಡಕ್ಕೂ ಸರಿಯಾಗಿ ಮಾಡತ್ತೆ. ಲೊಕೇಲನ್ನ (ಯಾವ ಭಾಷೆಯ ಕ್ರಮ ಅನ್ನೋ ಸೆಟ್ಟಿಂಗ್) ಸಿ ಅಂತ ಇಟ್ರೆ ಸಾರ್ಟ್ ಬೈಟ್ ಕ್ರಮದಲ್ಲಿ ಜೋಡಿಸತ್ತೆ, ‘ಳ’ ವರ್ಣಮಾಲೆ ಕೊನೆಯಲ್ಲಿ ಬರೋ ಬದಲು ‘ವ’ಗಿಂತ ಮುಂಚೆ ಬಂದಿರತ್ತೆ, ಬರ್ಲಿ ಬಿಡಿ, ಯುನಿಕ್‌ಗೆ ಬೇಕಿರೋದು ಪಕ್ಕಪಕ್ಕ ಇರೋದಷ್ಟೇ.

ನಾನು ನನ್ನ ಹಳೇ ಬರಹಗಳನ್ನೆಲ್ಲ ಹೀಗೆ ಎಣಿಸಿದೆ. ಪಟ್ಟಿಯಲ್ಲಿ ‘ಬಸ್’ ಎರಡು ಸಲ ಇತ್ತು, ಒಂದು ಕಡೆ 41, ಇನ್ನೊಂದು ಕಡೆ 17. ಕಣ್ಣಿಗೆ ಎರಡೂ ಒಂದೇ. ಬೈಟ್ ತೆಗೆದು ನೋಡಿದ್ರೆ ಎರಡನೇದರ ಕೊನೆಯಲ್ಲಿ ಮೂರು ಬೈಟ್ ಜಾಸ್ತಿ. ಅದು ಅರ್ಧಾಕ್ಷರ ಬಿಡಿಸಿ ತೋರಿಸೋಕೆ ಕೀಬೋರ್ಡ್ ಹಾಕೋ ಕಾಣದ ಗುರುತು, ಝೀರೋ ವಿಡ್ತ್ ನಾನ್ ಜಾಯ್ನರ್. ಬೇರೆ ಬೇರೆ ಕೀಬೋರ್ಡ್‌ನಲ್ಲಿ ಟೈಪ್ ಮಾಡಿದ್ದೆ, ಒಂದು ಹಾಕತ್ತೆ, ಇನ್ನೊಂದು ಹಾಕಲ್ಲ. ಸಾರ್ಟ್‌ಗಿಂತ ಮುಂಚೆ ಒಂದು ಸೆಡ್ (ಸಾಲುಗಳನ್ನ ತಿದ್ದೋ ಕಮಾಂಡ್) ಸೇರಿಸಿ ಆ ಮೂರು ಬೈಟ್ ಕಿತ್ತು ಹಾಕಿ ಮತ್ತೆ ಓಡಿಸಿದೆ: 58 ಬಸ್.