ಬರೆದಿಡದ ಇನುಯಿಟ್ ಕಥೆಗಳು ಬರೀ ಅಂತೆ-ಕಂತೆಯೇ?

ಓದುಗರ ಪ್ರಶ್ನೆ: ಉತ್ತರ ಧ್ರುವದ ಬಳಿಯ ಹಿಮನಾಡಿನ ಇನುಯಿಟ್ ಜನರಿಗೆ ಹಿಂದೆ ಲಿಪಿಯೇ ಇರಲಿಲ್ಲ ಎನ್ನುತ್ತಾರೆ. ಹಾಗಾದರೆ ಬಾಯಿಂದ ಬಾಯಿಗೆ ಬಂದ ಅವರ ಕಥೆಗಳನ್ನು ಎಷ್ಟು ನಂಬಬಹುದು? ನೂರಾರು ವರ್ಷಗಳಲ್ಲಿ ಅವು ಅಂತೆ-ಕಂತೆ ಆಗಿಬಿಟ್ಟಿರುವುದಿಲ್ಲವೇ?

ನಿಮ್ಮ ಪ್ರಶ್ನೆಯಲ್ಲಿರುವ ‘ಅಂತೆ’ಯಿಂದಲೇ ಶುರು ಮಾಡುತ್ತೇನೆ. ಕಣ್ಣಾರೆ ಕಂಡಿದ್ದರೆ ‘ಬಂದ’ ಎನ್ನುತ್ತೇವೆ, ಬೇರೆಯವರಿಂದ ಕೇಳಿದ್ದರೆ ‘ಬಂದನಂತೆ’ ಎನ್ನುತ್ತೇವೆ. ಕೆನಡಾದ ಇನುಯಿಟರ ಇನುಕ್ಟಿಟುಟ್ ಭಾಷೆಯಲ್ಲೂ ಇದೇ ಕೆಲಸ ಮಾಡುವ ‘ಗೂಕ್’ ಎಂಬ ಪ್ರತ್ಯಯವಿದೆ. ಪದದ ಕೊನೆಗೆ ಅದು ಬಂದರೆ, ಈ ಮಾತು ಹೇಳುವವರು ಕಂಡದ್ದಲ್ಲ, ಕೇಳಿದ್ದು ಎಂದು ಎಲ್ಲರಿಗೂ ತಿಳಿಯುತ್ತದೆ. ನಮ್ಮಲ್ಲಿ ಅಂತೆ-ಕಂತೆ ಎಂದರೆ ಗಾಳಿಮಾತು. ಆದರೆ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಮಾತುಮಾತಿಗೂ ಬೇರ್ಪಡಿಸಿ ಹೇಳುವವರ ‘ಅಂತೆ’ಯನ್ನು ಅಷ್ಟು ಹಗುರವಾಗಿ ತೆಗೆದುಕೊಳ್ಳಬಾರದು ಎಂಬುದು ನನ್ನ ನಂಬಿಕೆ.

ಕೇಳುವವರೂ ಸುಮ್ಮನೆ ಕೂರುತ್ತಿರಲಿಲ್ಲ. ಮಾನವಶಾಸ್ತ್ರಜ್ಞ ಫ್ರಾನ್ಜ್ ಬೋಆಸ್ 1883-84ರಲ್ಲಿ ಕೆನಡಾದ ಬ್ಯಾಫಿನ್ ದ್ವೀಪದಲ್ಲಿದ್ದಾಗ ಕಂಡದ್ದನ್ನು ಬರೆದಿಟ್ಟಿದ್ದಾರೆ. ಹಳೆಯ ಕಥೆ ಹೇಳುವವನು ಮೇಲಂಗಿ ಕಳಚಿ, ಮುಸುಕನ್ನು ತಲೆಗೆಳೆದುಕೊಂಡು, ಮನೆಯ ಹಿಂಬದಿಗೆ ಮುಖ ಮಾಡಿ ಗಂಭೀರವಾಗಿ ಹೇಳತೊಡಗುತ್ತಿದ್ದ. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ರೂಢಿಯಲ್ಲಿದ್ದ ಒಂದು ಪದ ಬದಲಾದರೂ ಕೂತವರು ತಿದ್ದುತ್ತಿದ್ದರು. ಪುಸ್ತಕವಿಲ್ಲದ ಕಡೆ ಆ ಕೂತವರೇ ಪುಸ್ತಕ.

ಇದು ಎಷ್ಟು ದೂರ ಬಾಳಿತು ಎಂಬುದಕ್ಕೆ ಅದೇ ಬ್ಯಾಫಿನ್ ದ್ವೀಪದ ಒಂದು ಪ್ರಸಂಗವಿದೆ. 1576ರಲ್ಲಿ ಇಂಗ್ಲೆಂಡಿನ ಮಾರ್ಟಿನ್ ಫ್ರೋಬಿಶರ್ ಚೀನಾಕ್ಕೆ ಸಮುದ್ರದಾರಿ ಹುಡುಕುತ್ತ ಅಲ್ಲಿಗೆ ಬಂದ. ಅವನ ಐವರು ನಾವಿಕರು ದಡಕ್ಕೆ ಹೋದವರು ವಾಪಸಾಗಲಿಲ್ಲ. ಮುಂದಿನ ವರ್ಷ ಮತ್ತೆ ಬಂದ, 1578ರಲ್ಲಿ 15 ಹಡಗುಗಳೊಂದಿಗೆ ಮೂರನೇ ಸಲ ಬಂದ. ಚಿನ್ನದ ಅದಿರೆಂದು ಸಾವಿರ ಟನ್ನಿಗೂ ಹೆಚ್ಚು ಕಲ್ಲು ಹೇರಿಕೊಂಡು ಹೋದ. ಅದರಲ್ಲಿ ಚಿನ್ನ ಇರಲಿಲ್ಲ. ಆಮೇಲೆ ಅತ್ತ ತಲೆಹಾಕಲಿಲ್ಲ.

1861ರಲ್ಲಿ ಅಮೆರಿಕದ ಚಾರ್ಲ್ಸ್ ಫ್ರಾನ್ಸಿಸ್ ಹಾಲ್ ಅದೇ ಕೊಲ್ಲಿಗೆ ಹೋದಾಗ, ಹಣ್ಣು ಹಣ್ಣು ಮುದುಕಿಯೊಬ್ಬಳು ಬಹಳ ಹಿಂದೆ ಬಂದ ಬಿಳಿಯರ ಕಥೆ ಹೇಳಿದಳು. ಹಡಗುಗಳು ಮೂರು ವರ್ಷ ಬಂದವಂತೆ, ಕೊನೆಯ ಸಲ ಬಹಳ ಬಂದವಂತೆ. ಐವರು ಬಿಳಿಯರು ಹಿಂದೆ ಉಳಿದರಂತೆ. ಇನುಯಿಟರ ಜೊತೆ ಬದುಕಿ, ದೊಡ್ಡ ದೋಣಿ ಕಟ್ಟಿ, ಅದಕ್ಕೆ ಪಟಸ್ತಂಭ ನಿಲ್ಲಿಸಿದರಂತೆ. ಮಂಜು ಕರಗುವ ಮೊದಲೇ ಹೊರಡಲು ಹೋಗಿ ಕೆಲವರ ಕೈ ಮರಗಟ್ಟಿತಂತೆ. ಕೊನೆಗೆ ಹೊರಟೇ ಹೋದರಂತೆ, ಮತ್ತೆ ಸುದ್ದಿಯಿಲ್ಲ. ಅವರು ಕಳೆದದ್ದು ಒಂದು ಚಳಿಗಾಲವೋ ಎರಡೋ ಮೂರೋ, ಅದನ್ನು ಮಾತ್ರ ಹೇಳಲಾಗದು ಎಂದಿತು ಆ ಕಥೆ. ನನ್ನ ಮನಸ್ಸು ಹಿಡಿದು ನಿಲ್ಲಿಸುವುದು ಇದೇ. 283 ವರ್ಷ ದಾಟಿ ಬಂದ ಕಥೆ, ಗೊತ್ತಿಲ್ಲದ ಜಾಗವನ್ನು ಕಲ್ಪನೆಯಿಂದ ತುಂಬಿಸಿಕೊಳ್ಳದೆ ಖಾಲಿಯೇ ಬಿಟ್ಟಿತ್ತು. ಕಥೆ ತೋರಿಸಿದ ಪುಟ್ಟ ದ್ವೀಪದಲ್ಲಿ ಹಾಲ್‌ಗೆ ಕಲ್ಲಿದ್ದಲು, ಇಟ್ಟಿಗೆಯ ಚೂರುಗಳು ಸಿಕ್ಕವು.

ನಂಬದೆ ಹೋದದ್ದರ ಕಥೆಯೂ ಇದೆ, ಅದು ನೋವಿನದು. 1845ರಲ್ಲಿ ಅದೇ ಸಮುದ್ರದಾರಿ ಹುಡುಕುತ್ತ ಇಂಗ್ಲೆಂಡಿನ ಜಾನ್ ಫ್ರಾಂಕ್ಲಿನ್ ನಾಯಕತ್ವದಲ್ಲಿ ‘ಎರೆಬಸ್’, ‘ಟೆರರ್’ ಹಡಗುಗಳಲ್ಲಿ ಹೋದ 129 ಮಂದಿಯಲ್ಲಿ ಒಬ್ಬರೂ ಮರಳಲಿಲ್ಲ. ಆ ಬಿಳಿಯರು ಹಸಿವಿನಿಂದ ಸತ್ತರು, ಕೊನೆಗೆ ಸತ್ತವರ ಮಾಂಸವನ್ನೂ ತಿಂದರು ಎಂದು ಇನುಯಿಟರು ಹೇಳಿದ್ದನ್ನು ಅನ್ವೇಷಕ ಜಾನ್ ರೇ 1854ರಲ್ಲಿ ಲಂಡನ್ನಿಗೆ ತಲುಪಿಸಿದ. ಚಾರ್ಲ್ಸ್ ಡಿಕನ್ಸ್ ಅಂಥ ದೊಡ್ಡ ಲೇಖಕನೇ ಆ ಮಾತಿಗೆ ಬೆಲೆಯಿಲ್ಲ ಎಂದು ಬರೆದ. ಇನುಯಿಟರೇ ಅವರನ್ನು ಕೊಂದಿರಬಹುದೆಂಬ ಅನುಮಾನವನ್ನೂ ಬಿತ್ತಿದ. 1990ರ ದಶಕದಲ್ಲಿ ಆ ನಾವಿಕರ ಮೂಳೆಗಳನ್ನು ಪರೀಕ್ಷಿಸಿದಾಗ ಅವುಗಳ ಮೇಲೆ ಚಾಕುವಿನ ಗೀರುಗಳಿದ್ದವು.

ಕೆನಡಾದ ಉತ್ತರದಲ್ಲಿರುವ ಯೋವಾ ಹೇವನ್ ಊರಿನ ಇನುಯಿಟ್ ಲೂಯಿ ಕಮೂಕಕ್ ಚಿಕ್ಕಂದಿನಲ್ಲಿ ಮುತ್ತಜ್ಜಿಯಿಂದ ಇಂಥ ಕಥೆ ಕೇಳಿ, ದೊಡ್ಡವರಾದ ಮೇಲೆ ಹಿರಿಯರ ಬಳಿ ಕೂತು ಅವನ್ನೆಲ್ಲ ದಾಖಲಿಸಿದರು. ಹಡಗೊಂದು ಮುಳುಗಿದೆ ಎಂದು ಇನುಯಿಟರು ತಲೆಮಾರುಗಳಿಂದ ಹೇಳುತ್ತಿದ್ದ ಪ್ರದೇಶದಲ್ಲೇ 2014ರಲ್ಲಿ ‘ಎರೆಬಸ್’ ಸಿಕ್ಕಿತು. 2016ರಲ್ಲಿ ‘ಟೆರರ್’ ಸಿಕ್ಕಿದ್ದೂ ಅದೇ ಊರಿನ ಇನುಕ್ (ಇನುಯಿಟ್ ಜನರಲ್ಲಿ ಒಬ್ಬ ವ್ಯಕ್ತಿ) ಒಬ್ಬರು ಕೊಟ್ಟ ಸುಳಿವಿನಿಂದ. 2018ರಲ್ಲಿ ತೀರಿಕೊಂಡ ಕಮೂಕಕ್ ಎರಡೂ ಸುದ್ದಿಗಳನ್ನು ಕೇಳಿದರು ಎಂಬುದು ಸಮಾಧಾನ.

ಹಾಗೆಂದು ಎಲ್ಲ ಕಥೆಯನ್ನೂ ಇತಿಹಾಸವೆಂದು ಓದಬೇಡಿ. ಬಹು ಹಿಂದಿನ ಕಾಲದ ಕಥೆಗಳ ಜಾತಿಯೇ ಬೇರೆ. ಕಡಲ ತಳದಲ್ಲಿ ಒಬ್ಬ ಹೆಣ್ಣಿದ್ದಾಳೆ. ಕೆಲವು ಕಡೆ ಸೆಡ್ನಾ, ಕೆಲವು ಕಡೆ ನುಲಿಯಾಯುಕ್. ದೋಣಿಯ ಅಂಚು ಹಿಡಿದವಳ ಬೆರಳುಗಳನ್ನು ಕಡಿದರು, ಅವೇ ಸೀಲ್‌ಗಳೂ ವಾಲ್ರಸ್‌ಗಳೂ ಆದವು. ಜನ ಕಟ್ಟಳೆ ಮೀರಿದರೆ ಅವಳು ಪ್ರಾಣಿಗಳನ್ನು ಬಚ್ಚಿಡುತ್ತಾಳೆ, ಬೇಟೆ ಸಿಗುವುದಿಲ್ಲ. ಆಗ ಅಂಗಕ್ಕುಕ್, ಅಂದರೆ ಅವರ ಮಾಂತ್ರಿಕ, ಕಡಲಿಗಿಳಿದು ಅವಳ ಸಿಕ್ಕುಗಟ್ಟಿದ ಕೂದಲು ಬಾಚಬೇಕು. ಬೆರಳಿಲ್ಲದವಳು ತಾನೇ ಹೇಗೆ ಬಾಚಿಕೊಂಡಾಳು? ಸೀಲ್ ಸಿಗದಿದ್ದರೆ ಊಟವೂ ಇಲ್ಲ, ದೀಪಕ್ಕೆ ಕೊಬ್ಬೂ ಇಲ್ಲ ಎಂಬ ನಾಡಿನ ಭಯ ಈ ಕಥೆಯಲ್ಲಿದೆ, ತಾವು ನೋಯಿಸಿದ ಜೀವದ ಮುಂದೆ ತಲೆಬಾಗಬೇಕೆಂಬ ಅರಿವೂ ಇದೆ.

ಲಿಪಿ ಬಂದದ್ದು ಮಿಷನರಿಗಳಿಂದ, ಕೆಲವೆಡೆ 18ನೇ ಶತಮಾನದಲ್ಲಿ, ಉಳಿದೆಡೆ ಆಮೇಲೆ. ಪೂರ್ವ ಕೆನಡಾದ ಬಹಳಷ್ಟು ಇನುಯಿಟರ ಅಕ್ಷರಗಳು ನಮ್ಮ ಕಾಗುಣಿತವನ್ನು ನೆನಪಿಸುತ್ತವೆ. ಪಿ, ಪು, ಪ ಮೂರಕ್ಕೂ ಒಂದೇ ಆಕಾರ. ಕೊಂಬು, ಗುಡಿಸುಗಳ ಬದಲು ಅಕ್ಷರವನ್ನೇ ತಿರುಗಿಸುತ್ತಾರೆ, ಸ್ವರ ಬದಲಾಗುತ್ತದೆ. ಈ ಬಗೆಯ ಬರಹವನ್ನು ಮೊದಲು ಕ್ರೀ ಎಂಬ ಕೆನಡಾದ ಇನ್ನೊಂದು ಮೂಲನಿವಾಸಿ ಭಾಷೆಗೆ ರೂಪಿಸಿದ ಮಿಷನರಿ ಜೇಮ್ಸ್ ಇವಾನ್ಸ್ ಮೇಲೆ ದೇವನಾಗರಿಯ ಪ್ರಭಾವವಿತ್ತು ಎಂದು ವಿದ್ವಾಂಸರು ಹೇಳುತ್ತಾರೆ.

ಆ ಅಕ್ಷರಗಳಲ್ಲೇ ‘ಸನಾಕ್’ ಕಾದಂಬರಿ ಹುಟ್ಟಿತು. 1950ರ ದಶಕದಲ್ಲಿ, ಭಾಷೆ ಕಲಿಯಲು ದಿನಬಳಕೆಯ ವಾಕ್ಯಗಳನ್ನು ಬರೆದುಕೊಡಿ ಎಂದು ಮಿಷನರಿಯೊಬ್ಬರು ಕೆನಡಾದ ನುನಾವಿಕ್ ಪ್ರದೇಶದ ಮಿತಿಯಾರ್ಯುಕ್ ನಪ್ಪಾಲುಕ್ ಅವರನ್ನು ಕೇಳಿದರು. ಅವರು ವಾಕ್ಯಗಳ ಬದಲು ಸನಾಕ್ ಎಂಬ ವಿಧವೆಯನ್ನೂ ಅವಳ ಪುಟ್ಟ ಮಗಳನ್ನೂ ಬರೆದರು. ಕಾದಂಬರಿ ಎಂಬುದನ್ನು ಅವರು ಎಂದೂ ಓದಿರಲಿಲ್ಲ. ಇನುಕ್ಟಿಟುಟ್‌ನಲ್ಲಿ ಅದು 1984ರಲ್ಲಿ, ಫ್ರೆಂಚಿನಲ್ಲಿ 2002ರಲ್ಲಿ, ಇಂಗ್ಲಿಷಿನಲ್ಲಿ 2014ರಲ್ಲಿ ಬಂತು. ಎಲ್ಲಿಂದ ಓದಲು ಶುರು ಮಾಡಲಿ ಎಂದು ನೀವು ಕೇಳಿದರೆ, ನಾನು ಹೇಳುವುದು ಇದನ್ನೇ.